ಮಗಳು ಮುಖ ತಿರುಗಿಸುತ್ತಾಳೆ, ಡ್ರೆಸ್ಸಿಂಗ್ ಹೊತ್ತಿಗೆ ಹೋಗಲೇ ಬೇಡವೇ?

ಪ್ರಶ್ನೆ: ನಾಲ್ಕೂವರೆ ವರ್ಷದ ನನ್ನ ಮಗಳು ಒಡೆದ ಗಾಜಿನ ಮೇಲೆ ಬಿದ್ದು, ಮೀನಖಂಡಕ್ಕೆ ಆಳವಾದ ಗಾಯವಾಗಿ ಆಸ್ಪತ್ರೆಯಲ್ಲಿದ್ದಾಳೆ. ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಮಾಡುತ್ತಾರೆ. ರಕ್ತ ಕಂಡರೆ ನನ್ನ ಹೆಂಡತಿಗೆ ತಲೆ ಸುತ್ತುವುದರಿಂದ ಒಳಗೆ ಹೋಗುವವನು ನಾನೇ. ಮೊದಲ ಸಲ ‘ಏನೂ ನೋವಾಗಲ್ಲ ಪುಟ್ಟಿ’ ಎಂದು ಹೇಳಿ, ನರ್ಸ್ ಸೂಚಿಸಿದಂತೆ ಅವಳ ಕೈಗಳನ್ನು ಮಂಚಕ್ಕೆ ಒತ್ತಿ ಹಿಡಿದೆ. ಅಂದಿನಿಂದ ನಾನು ವಾರ್ಡಿಗೆ ಬಂದರೆ ಸಾಕು, ಗೋಡೆಯ ಕಡೆ ತಿರುಗುತ್ತಾಳೆ ಅಥವಾ ಬಿಕ್ಕಿ ಬಿಕ್ಕಿ ಅಳುತ್ತಾಳೆ. ‘ನೀವು ಬರೋವರೆಗೂ ಸುಮ್ಮನಿದ್ದಳು’ ಎಂದು ನರ್ಸ್ ಹೇಳಿದ್ದು ಮನಸ್ಸಿಗೆ ನಾಟಿದೆ. ಡ್ರೆಸ್ಸಿಂಗನ್ನು ಅವರಿಗೇ ಬಿಟ್ಟು, ಎಲ್ಲ ಮುಗಿದ ಮೇಲೆ ಆಟಿಕೆ ಹಿಡಿದು ಹೋಗುವುದು ಒಳ್ಳೆಯದಲ್ಲವೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಡ್ರೆಸ್ಸಿಂಗ್ ಹೊತ್ತಿನಲ್ಲಿ ನೀವು ಅಲ್ಲಿರಲೇಬೇಕು. ಬದಲಾಗಬೇಕಾದದ್ದು ಅಲ್ಲಿ ನೀವು ವಹಿಸಿಕೊಂಡಿರುವ ಕೆಲಸ ಮಾತ್ರ.

ಮೊದಲು ನರ್ಸ್ ಆಡಿದ ಮಾತನ್ನೇ ನೋಡೋಣ. ಅಪ್ಪ ಅಮ್ಮ ಬಂದೊಡನೆ ಮಗು ಅಳುತ್ತದೆ, ಹೋದ ಮೇಲೆ ಸುಮ್ಮನಾಗುತ್ತದೆ, ಆದ್ದರಿಂದ ಅವರು ಬಾರದಿರುವುದೇ ಮೇಲು ಎಂಬ ತರ್ಕ ಹಳೆಯದು. ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ ಬ್ರಿಟನ್ನಿನ ಅನೇಕ ಆಸ್ಪತ್ರೆಗಳು ಇದೇ ಕಾರಣ ಕೊಟ್ಟು ಮಕ್ಕಳ ವಾರ್ಡಿನಲ್ಲಿ ಹೆತ್ತವರ ಭೇಟಿಯನ್ನು ಬಿಗಿಯಾಗಿ ಮಿತಿಗೊಳಿಸಿದ್ದವು. ಆಸ್ಪತ್ರೆಯ ಮಕ್ಕಳನ್ನು ಹತ್ತಿರದಿಂದ ಗಮನಿಸಿದ ಜೇಮ್ಸ್ ರಾಬರ್ಟ್‌ಸನ್ ಅವರು, ಹಾಗೆ ‘ಹೊಂದಿಕೊಂಡ’ ಮಗುವಿನ ಮೌನ ನೆಮ್ಮದಿಯದ್ದಲ್ಲ, ಕರೆದರೂ ಯಾರೂ ಬರುವುದಿಲ್ಲವೆಂದು ಕೈಚೆಲ್ಲಿದ್ದರ ಮೌನ ಎಂದು ತೋರಿಸಿಕೊಟ್ಟರು. ಮಕ್ಕಳನ್ನು ನೋಡಲು ಹೆತ್ತವರಿಗೆ ಹೊತ್ತುಗೊತ್ತಿನ ಕಟ್ಟಳೆ ಇರಕೂಡದೆಂದು 1959ರಲ್ಲಿ, ಆಸ್ಪತ್ರೆಯಲ್ಲಿನ ಮಕ್ಕಳ ಕ್ಷೇಮವನ್ನು ಪರಿಶೀಲಿಸಿದ ಅಲ್ಲಿನ ಪ್ಲ್ಯಾಟ್ ಸಮಿತಿ ಶಿಫಾರಸು ಮಾಡಿತು. ನಿಮ್ಮ ಮಗಳು ಅಪರಿಚಿತರ ನಡುವೆ ತಡೆದಿಟ್ಟುಕೊಂಡಿದ್ದ ಅಳುವನ್ನು ನಿಮ್ಮನ್ನು ಕಂಡಾಗ ಬಿಡುತ್ತಿದ್ದಾಳೆ. ನರ್ಸ್ ಕಂಡದ್ದನ್ನೇ ಹೇಳಿದ್ದಾರೆ, ಅದರಲ್ಲಿ ದುರುದ್ದೇಶವಿಲ್ಲ. ಆದರೆ ನೀವು ಅದರಿಂದ ತೆಗೆದ ಅರ್ಥ ಸರಿಯಲ್ಲ.

ಗೋಡೆಯ ಕಡೆ ತಿರುಗುವುದು ಮಾತ್ರ ಬೇರೆಯ ವಿಷಯ. ಅಲ್ಲಿ ಅವಳು ನಿಮ್ಮ ಮೇಲೆ ಮುನಿಸಿಕೊಂಡಿದ್ದಾಳೆ ಮತ್ತು, ಮೃದುವಾಗಿ ಹೇಳಿ ಪ್ರಯೋಜನವಿಲ್ಲ, ಆ ಮುನಿಸಿಗೆ ಕಾರಣವಿದೆ. ನೋವಾಗುವುದಿಲ್ಲ ಎಂದಿರಿ, ನೋವಾಯಿತು. ಬಿಡಿಸಿಕೊಳ್ಳಲು ಹೊರಟಾಗ ಕೈಗಳನ್ನು ಒತ್ತಿ ಹಿಡಿದವರೂ ನೀವೇ ಆದಿರಿ. ಅದರ ಜೊತೆಗೆ, ಈ ವಯಸ್ಸಿನ ಮಕ್ಕಳು ಗಾಯವನ್ನೂ ಚಿಕಿತ್ಸೆಯನ್ನೂ ತಾವು ಮಾಡಿದ ತುಂಟತನಕ್ಕೆ ಸಿಕ್ಕ ಶಿಕ್ಷೆಯೆಂದು ಭಾವಿಸುವುದುಂಟು. ‘ಓಡಬೇಡ ಅಂತ ಹೇಳಿರಲಿಲ್ಲವೇ’ ಎಂಬ ಒಂದು ಮಾತು ಮನೆಯಲ್ಲಿ ಯಾರ ಬಾಯಿಂದ ಬಂದಿದ್ದರೂ ಅದು ಅವಳೊಳಗೆ ಕುಳಿತಿರುತ್ತದೆ. ಹಾಗಾಗಿ ನಾಳೆ, ಡ್ರೆಸ್ಸಿಂಗ್ ಇಲ್ಲದ ಹೊತ್ತಿನಲ್ಲಿ, ಮಂಚದ ಮಟ್ಟಕ್ಕೆ ಕುಳಿತು, ಅವಳು ತಿರುಗದಿದ್ದರೂ ಬೆನ್ನಿಗೇ ಹೇಳಿ: ‘ಪುಟ್ಟಿ, ಅವತ್ತು ನೋವಾಗಲ್ಲ ಅಂದೆ, ಆದರೆ ತುಂಬಾ ನೋವಾಯ್ತು. ಅಪ್ಪ ಹೇಳಿದ್ದು ತಪ್ಪು. ನೀನು ಏನೂ ತಪ್ಪು ಮಾಡಿಲ್ಲ.’ ಇಷ್ಟು ಸಾಕು. ಕ್ಷಮಿಸಿದೆಯಾ ಎಂದು ಕೇಳಿ ಅವಳ ಮೇಲೆ ಇನ್ನೊಂದು ಹೊರೆ ಹೊರಿಸಬೇಡಿ.

ಮುಂದಿನ ಡ್ರೆಸ್ಸಿಂಗ್‌ಗೆ ಮೊದಲು ವೈದ್ಯರೊಡನೆ ಮಾತನಾಡಿ. ಬಾಯಿಯ ಮೂಲಕ ಕೊಡುವ ನೋವಿನ ಔಷಧ ಕೆಲಸ ಆರಂಭಿಸಲು ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಗಾಯ ಬಿಚ್ಚುವ ಹೊತ್ತಿಗೆ ಕೊಟ್ಟರೆ ಆ ಹೊತ್ತಿಗೆ ಅದು ಉಪಯೋಗಕ್ಕೆ ಬಾರದು. ಅಂಟಿಕೊಂಡ ಬ್ಯಾಂಡೇಜನ್ನು ಸಲೈನ್‌ನಲ್ಲಿ ಚೆನ್ನಾಗಿ ನೆನೆಸಿ ಬಿಡಿಸಬಹುದೇ ಎಂದೂ ಕೇಳಿ. ಮಗುವಿನ ತಂದೆಯಾಗಿ ಇವನ್ನು ಕೇಳುವುದು ಉದ್ಧಟತನವಲ್ಲ.

ಇನ್ನು ಹಿಡಿಯುವ ರೀತಿ. ಅಂಗಾತ ಮಲಗಿಸಿ ಅದುಮಿ ಹಿಡಿದಾಗ ಮಗುವಿಗೆ ಕಾಣುವುದು ಸೂರು ಮತ್ತು ತನ್ನ ಮೇಲೆ ಬಾಗಿದ ಮುಖಗಳು ಮಾತ್ರ. ಗಾಬರಿ ಅಲ್ಲಿಂದಲೇ ಹೆಚ್ಚುತ್ತದೆ. ಅವಳನ್ನು ನಿಮ್ಮ ತೊಡೆಯ ಮೇಲೆ ಕೂರಿಸಿಕೊಂಡು, ಅವಳ ಬೆನ್ನು ನಿಮ್ಮ ಎದೆಗೆ ಒರಗುವಂತೆ ಎರಡೂ ತೋಳುಗಳಿಂದ ತಬ್ಬಿ, ಗಾಯದ ಕಾಲನ್ನು ಮಾತ್ರ ಮಂಚದ ಮೇಲೆ ಚಾಚಿಸಬಹುದು. ಗಾಯದ ಸ್ಥಿತಿ ಇದಕ್ಕೆ ಒಪ್ಪುತ್ತದೆಯೇ ಎಂದು ನರ್ಸನ್ನು ಮುಂಚಿತವಾಗಿಯೇ ಕೇಳಿಕೊಳ್ಳಿ. ತಬ್ಬಿದ ತೋಳೂ ಮಗುವನ್ನು ಅಲುಗದಂತೆ ಹಿಡಿಯುತ್ತದೆ, ಆದರೆ ಅದು ಅಪ್ಪನ ತೋಳಾಗಿಯೇ ಉಳಿಯುತ್ತದೆ. ಕಾಲನ್ನು ಅಲುಗದಂತೆ ಹಿಡಿಯುವ ಕೆಲಸ ಸಿಬ್ಬಂದಿಯದಾಗಲಿ.

ಮಾತು ಕಡಿಮೆಯಿರಲಿ. ‘ಏನಿಲ್ಲ, ಏನಿಲ್ಲ, ಆಯ್ತು, ಆಯ್ತು’ ಎಂದು ದೊಡ್ಡವರು ಪದೇ ಪದೇ ಸಮಾಧಾನ ಹೇಳಿದಷ್ಟೂ ಮಕ್ಕಳ ಸಂಕಟ ಹೆಚ್ಚುವುದನ್ನು ಈ ವಿಷಯದ ಅಧ್ಯಯನಗಳು ಗುರುತಿಸಿವೆ. ಏನೋ ಆಗಲಿದೆ ಎಂಬ ಸುಳಿವು ಆ ದನಿಯಲ್ಲೇ ಇರುತ್ತದೆ. ಅದರ ಬದಲು ‘ಈಗ ನೀರು ಹಾಕ್ತಾರೆ, ತಣ್ಣಗಿರುತ್ತೆ, ಆಮೇಲೆ ಸ್ವಲ್ಪ ಉರಿಯುತ್ತೆ’ ಎಂದು ಇದ್ದದ್ದನ್ನು ಇದ್ದಂತೆ ಹೇಳಿ, ಕೂಡಲೇ ಕೈಗೊಂದು ಕೆಲಸ ಕೊಡಿ. ಸೋಪಿನ ಗುಳ್ಳೆ ಊದುವುದು ಈ ವಯಸ್ಸಿಗೆ ಬಹಳ ಒಳ್ಳೆಯದು, ಏಕೆಂದರೆ ಗುಳ್ಳೆ ಒಡೆಯದಂತೆ ಊದಬೇಕಾದರೆ ಉಸಿರನ್ನು ನಿಧಾನವಾಗಿ ಬಿಡಲೇಬೇಕು. ಆಯ್ಕೆ ಕೊಡುವಾಗ ಮಾತ್ರ ಎಚ್ಚರವಿರಲಿ: ‘ಡ್ರೆಸ್ಸಿಂಗ್ ಮಾಡಿಸ್ಕೊಳ್ತೀಯಾ?’ ಎಂದು ಕೇಳಿ, ಅವಳು ಬೇಡವೆಂದ ಮೇಲೂ ಮಾಡಿಸಿದರೆ ಮತ್ತೆ ಮೋಸವಾದಂತಾಗುತ್ತದೆ. ‘ಹಳೇ ಪಟ್ಟಿಯ ತುದಿ ನೀನು ಬಿಚ್ಚುತ್ತೀಯಾ, ಸಿಸ್ಟರ್ ಬಿಚ್ಚಲಾ?’ ಎಂದು ಕೇಳಬಹುದು. ಅತ್ತರೆ ಅಳಲಿ, ಜಾಣೆಯರು ಅಳುವುದಿಲ್ಲ ಎಂಬ ಮಾತಂತೂ ಬೇಡವೇ ಬೇಡ.

ಆಟಿಕೆಗೆ ನನ್ನ ಆಕ್ಷೇಪವಿಲ್ಲ, ತನ್ನಿ. ಆದರೆ ಡ್ರೆಸ್ಸಿಂಗ್ ಹೊತ್ತಿನಲ್ಲಿ ಜೊತೆಗಿರುವ ಅಪ್ಪನಿಗೆ ಆಟಿಕೆ ಬದಲಿಯಾಗದು. ನಿಮ್ಮ ಹೆಂಡತಿ ಗಾಯ ನೋಡಬೇಕಾಗಿಯೂ ಇಲ್ಲ. ಹೊರಗೆ ಕಾದಿದ್ದು, ಮುಗಿದೊಡನೆ ಎತ್ತಿಕೊಂಡು, ‘ಗುಳ್ಳೆ ಎಷ್ಟು ದೊಡ್ಡದು ಊದಿದೆಯಂತೆ!’ ಎಂದು ಅವಳು ಮಾಡಿದ್ದನ್ನು ಅವಳಿಂದಲೇ ಹೇಳಿಸಲಿ. ಚಿಕಿತ್ಸೆಯ ಬಗ್ಗೆ ಆಮೇಲೆ ಮನೆಯವರು ಹೇಗೆ ಮಾತನಾಡುತ್ತಾರೋ ಅದರ ಮೇಲೆ ಮಗುವಿನ ನೆನಪೂ ರೂಪುಗೊಳ್ಳುತ್ತದೆ, ಮುಂದಿನ ಸಲದ ಭಯವೂ ನಿಂತಿರುತ್ತದೆ.

ಮನೆಗೆ ಮರಳಿದ ಮೇಲೆ ಕೆಲವು ಕಾಲ ಹಾಸಿಗೆ ಒದ್ದೆ ಮಾಡುವುದು, ಬೆರಳು ಚೀಪುವುದು, ಸೆರಗು ಬಿಡದಿರುವುದು ಸಾಮಾನ್ಯ, ಗದರಬೇಡಿ. ಕೆಟ್ಟ ಕನಸು, ಬೆಚ್ಚಿ ಬೀಳುವುದು, ಗಾಜು ಕಂಡರೆ ಹೆದರಿ ಓಡುವುದು ಒಂದು ತಿಂಗಳು ಕಳೆದರೂ ಕಡಿಮೆಯಾಗದಿದ್ದರೆ ಮಕ್ಕಳ ವೈದ್ಯರಿಗೆ ಅಥವಾ ಮಕ್ಕಳ ಮನೋವೈದ್ಯರಿಗೆ ತೋರಿಸಿ.

ಮುಂದಿನ ಡ್ರೆಸ್ಸಿಂಗ್ ದಿನ ಅವಳು ನಿಮ್ಮ ತೊಡೆಯ ಮೇಲೆ ಬರಲು ಒಪ್ಪದಿರಬಹುದು. ಆಗ ಬಲವಂತ ಮಾಡದೆ ತಲೆಯ ಪಕ್ಕದಲ್ಲಿ ಕುಳಿತು, ಬೆರಳು ಚಾಚಿ, ಬೇಕಾದರೆ ಹಿಡಿದುಕೋ ಎಂದಷ್ಟೇ ಹೇಳಿ. ಹಿಡಿಯದಿದ್ದರೂ ಕೊನೆಯ ಪಟ್ಟಿ ಸುತ್ತುವವರೆಗೆ ಏಳಬೇಡಿ.