ಇಳಿದ ತೂಕ ಮತ್ತೆ ಏರುವುದೇಕೆ?

ಪ್ರಶ್ನೆ: ನನಗೆ 42 ವರ್ಷ. ಎತ್ತರ 155 ಸೆಂ.ಮೀ., ತೂಕ 74 ಕೆ.ಜಿ. ಅನ್ನ ಬಿಟ್ಟು, ರಾತ್ರಿ ಅರ್ಧ ರೊಟ್ಟಿಯಲ್ಲೇ ಊಟ ಮುಗಿಸಿ, ನಸುಕಿನಲ್ಲಿ ಭೀಷ್ಮ ಕೆರೆಯ ಕಡೆ ನಡೆದಾಡಿ 9 ಕೆ.ಜಿ. ಇಳಿಸಿಕೊಂಡಿದ್ದೆ. ಮಗಳ ಮದುವೆ ಮುಗಿಯುವ ಹೊತ್ತಿಗೆ ಅಷ್ಟೂ ಮರಳಿ ಬಂತು. ಬಾಯಿ ಕಟ್ಟುವುದು ನನ್ನಿಂದಾಗದು ಎಂದು ಮನೆಯವರು ಆಡಿಕೊಳ್ಳುತ್ತಾರೆ. ವೈದ್ಯರು ಬೊಜ್ಜು ದೀರ್ಘಕಾಲದ ಕಾಯಿಲೆ ಎನ್ನುತ್ತಾರೆ. ಯಾವುದು ನಿಜ?
– ಓದುಗರೊಬ್ಬರು, ಗದಗ

ಉತ್ತರ: ವೈದ್ಯರ ಮಾತು ನಿಜ. ದೇಹದಲ್ಲಿ ಕೊಬ್ಬು ಕರಗಿದಂತೆ, ಸಾಕೆಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಎಂಬ ಹಾರ್ಮೋನು ಕುಗ್ಗುತ್ತದೆ, ಜಠರದಿಂದ ಹಸಿವನ್ನು ಕೆರಳಿಸುವ ಗ್ರೆಲಿನ್ ಹೆಚ್ಚುತ್ತದೆ, ವಿಶ್ರಾಂತಿಯಲ್ಲಿ ದೇಹ ಬಳಸುವ ಶಕ್ತಿಯೂ ತಗ್ಗುತ್ತದೆ. ತೂಕ ಇಳಿದು ವರ್ಷ ಕಳೆದರೂ ಈ ಬದಲಾವಣೆಗಳು ಪೂರ್ತಿ ಹಿಂದಿನಂತಾಗಿರುವುದಿಲ್ಲ. ಹೀಗಾಗಿ ಮೊದಲಿನಷ್ಟೇ ಉಂಡರೂ ತೂಕ ಏರುತ್ತದೆ, ಹಸಿವಂತೂ ಮೊದಲಿಗಿಂತ ಜಾಸ್ತಿಯಾಗಿರುತ್ತದೆ. ಗುಳಿಗೆ ನಿಲ್ಲಿಸಿದಾಗ ರಕ್ತದೊತ್ತಡ ಏರಿದರೆ ಯಾರೂ ರೋಗಿಯನ್ನು ಹಂಗಿಸುವುದಿಲ್ಲ; ತೂಕದ ವಿಷಯದಲ್ಲಿ ಮಾತ್ರ ಆ ಔದಾರ್ಯ ನಮ್ಮ ಮನೆಗಳಲ್ಲಿ ಕಾಣುವುದಿಲ್ಲ.

ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಸೂಚ್ಯಂಕ, ಸುಮಾರು 31. ಭಾರತೀಯರಲ್ಲಿ 25 ದಾಟಿದರೆ ಬೊಜ್ಜು ಎಂದು ಪರಿಗಣಿಸುತ್ತಾರೆ, ಏಕೆಂದರೆ ನಮ್ಮಲ್ಲಿ ಕಡಿಮೆ ತೂಕಕ್ಕೇ ಹೊಟ್ಟೆಯೊಳಗೆ ಕೊಬ್ಬು ಸೇರಿ ಸಕ್ಕರೆ ಕಾಯಿಲೆ ಬರುತ್ತದೆ. ಸೊಂಟದ ಸುತ್ತಳತೆಯನ್ನೂ ನೋಡಿಸಿಕೊಳ್ಳಿ. ಹೆಂಗಸರಿಗೆ 80 ಸೆಂ.ಮೀ. ಮೀರಬಾರದು. ಸಕ್ಕರೆ, ಕೊಲೆಸ್ಟ್ರಾಲ್, ಥೈರಾಯ್ಡ್, ರಕ್ತದೊತ್ತಡದ ಪರೀಕ್ಷೆ ಅಗತ್ಯ. ಗೊರಕೆ, ಮಂಡಿನೋವು ಇದ್ದರೆ ಮುಚ್ಚಿಡದೆ ಹೇಳಿ.

ಗುರಿ ದೊಡ್ಡದಿರಬೇಕಿಲ್ಲ. ಈಗಿನ ತೂಕದಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟು, ಅಂದರೆ ನಾಲ್ಕರಿಂದ ಏಳು ಕೆ.ಜಿ. ಇಳಿದು ಅಲ್ಲೇ ನಿಂತರೂ ಸಕ್ಕರೆ, ರಕ್ತದೊತ್ತಡ ಸುಧಾರಿಸುತ್ತವೆ. ಜೋಳದ ರೊಟ್ಟಿಯನ್ನು ಶತ್ರುವಾಗಿ ಕಾಣಬೇಡಿ; ಕಾಳುಪಲ್ಯ, ಮೊಸರು, ಹಸಿ ಸೊಪ್ಪು, ಸವತೆಕಾಯಿಯೊಡನೆ ಅದು ಒಳ್ಳೆಯ ಊಟವೇ. ಲೆಕ್ಕಕ್ಕೆ ಸಿಗದೆ ಸೇರುವುದು ಪಲ್ಯದ ಒಗ್ಗರಣೆಯ ಎಣ್ಣೆ, ಸಂಜೆ ಗಿರ್ಮಿಟ್ ಜೊತೆಗೆ ಬರುವ ಮಿರ್ಚಿ, ದಿನಕ್ಕೆ ನಾಲ್ಕು ಸಲದ ಸಕ್ಕರೆ ಚಹಾ. ಸ್ನಾಯು ಉಳಿಯಲು ನಡಿಗೆಯೊಂದೇ ಸಾಲದು, ಭಾರ ಎತ್ತುವ ವ್ಯಾಯಾಮವೂ ಬೇಕು.

ಇಷ್ಟಾದರೂ ತೂಕ ಜಗ್ಗದಿದ್ದರೆ ಸೆಮಾಗ್ಲುಟೈಡ್, ಟಿರ್ಜೆಪಟೈಡ್‌ನಂಥ ಚುಚ್ಚುಮದ್ದುಗಳಿವೆ. ತಜ್ಞರ ನಿಗಾದಲ್ಲಿ ಮಾತ್ರ ಇವನ್ನು ತೆಗೆದುಕೊಳ್ಳಬೇಕು. ನಿಲ್ಲಿಸಿದರೆ ಬಹುಪಾಲು ಜನರಲ್ಲಿ ತೂಕ ಮರಳುವುದರಿಂದ, ಎಷ್ಟು ಕಾಲ ಬೇಕಾದೀತು, ಖರ್ಚು ಎಷ್ಟು ಎಂಬುದನ್ನು ಆರಂಭದಲ್ಲೇ ಕೇಳಿಕೊಳ್ಳಿ. ಹಿಂದೆ ಯಾವಾಗ ಎಷ್ಟು ತೂಕವಿತ್ತು, ಯಾವ ಗುಳಿಗೆ ನುಂಗುತ್ತಿದ್ದಿರಿ ಎಂಬುದನ್ನೂ ಬರೆದುಕೊಂಡು ಹೋಗಿ. ಸ್ಟೆರಾಯ್ಡ್ ಹಾಗೂ ಕೆಲವು ಮಾನಸಿಕ ಕಾಯಿಲೆಯ ಔಷಧಗಳೂ ತೂಕ ಏರಿಸುತ್ತವೆ.