ಗಡ್ಡೆಯೊಳಗಿನ ರಕ್ತ: ಬೀದರಿನ ಬರಹಗಾರ್ತಿಗೆ ಉತ್ತರ

ಆತ್ಮೀಯ ತಂಗಿ, ನಮಸ್ಕಾರ.

ಮಿದುಳಿನ ಕ್ಯಾನ್ಸರ್ ಗಡ್ಡೆಯ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ವಿಷಯವೂ ಕನ್ನಡಕ್ಕೆ ಬೇಕಾದದ್ದೇ. ಆದರೆ ಈ ಎರಡು ಸಾಲು ನನ್ನನ್ನು ಬಹಳ ಕಾಡಿದವು: 'ನಮ್ಮ ನೌಬಾದಿನ ಸುರಂಗ ಬಾವಿಯ ಹಾಗೆ ಹೊಸ ರಕ್ತನಾಳಗಳು ಗಡ್ಡೆಗೆ ರಕ್ತ ಹರಿಸುತ್ತವೆ. ಅವನ್ನು ಮುಚ್ಚಿದರೆ ಗಡ್ಡೆ ಒಣಗುತ್ತದೆ.'

ಸುರಂಗ ಬಾವಿ ಎಂದರೆ ನೆಲದಡಿ ಕಾಲುವೆ ತೋಡಿ ನೀರು ತರುವ ಹಳೆಯ ವ್ಯವಸ್ಥೆ. ಅದರ ಕಾಲುವೆಗೆ ಅಳೆದು ಕೊಟ್ಟ ಇಳಿಜಾರಿದೆ. ನೀರು ಒಂದೇ ದಿಕ್ಕಿಗೆ ನಿಧಾನವಾಗಿ ಸಾಗುತ್ತದೆ. ಈ ಹೋಲಿಕೆ ಆರೋಗ್ಯವಂತ ಮಿದುಳಿಗೆ ಸಲ್ಲುತ್ತದೆ. ಅಲ್ಲಿ 100 ಗ್ರಾಂ ಅಂಗಾಂಶಕ್ಕೆ ನಿಮಿಷಕ್ಕೆ ಸುಮಾರು 50 ಮಿ.ಲೀ. ರಕ್ತ ಸಿಗುತ್ತದೆ. ಆದರೆ ಗ್ಲಿಯೋಬ್ಲಾಸ್ಟೋಮಾ ಎಂಬ ವೇಗವಾಗಿ ಬೆಳೆಯುವ ಮಿದುಳಿನ ಕ್ಯಾನ್ಸರಿನಲ್ಲಿ ಆಮ್ಲಜನಕ ಸಾಲದ ಜೀವಕೋಶಗಳು ಹೊಸ ನಾಳ ಹುಟ್ಟಿಸುವ ವಿಇಜಿಎಫ್ ಎಂಬ ಪ್ರೋಟೀನು ಸ್ರವಿಸುತ್ತವೆ. ಅದರ ಒತ್ತಾಯಕ್ಕೆ ಹುಟ್ಟಿದ ನಾಳಗಳು ಸೊಟ್ಟಗೆ ಬೆಳೆಯುತ್ತವೆ, ಅಲ್ಲಲ್ಲಿ ಉಬ್ಬುತ್ತವೆ. ಗೋಡೆಯ ಬೆಸುಗೆ ಸಡಿಲವಾದ್ದರಿಂದ ದ್ರವ ಜಿನುಗಿ ಸುತ್ತಲಿನ ಮಿದುಳು ಬಾತುಕೊಳ್ಳುತ್ತದೆ. ಹೊರಗಿನ ಒತ್ತಡ ಏರಿ ನಾಳವೇ ಅಮುಕಿಹೋಗುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ. ನಾಳದಿಂದ 0.1–0.2 ಮಿ.ಮೀ. ಆಚೆಗೆ ಆಮ್ಲಜನಕ ತಲುಪುವುದಿಲ್ಲ. ಹಾಗಾಗಿ ಒಂದೇ ಗಡ್ಡೆಯಲ್ಲಿ ರಕ್ತ ತುಂಬಿದ ಅಂಚೂ ಇರುತ್ತದೆ, ಸತ್ತ ನಡುಭಾಗವೂ ಇರುತ್ತದೆ.

'ಹರಿಸುತ್ತವೆ' ಎಂಬ ಪದವೂ ತಪ್ಪು ದಾರಿಗೆ ಎಳೆಯುತ್ತದೆ. ಅಂಗಾಂಶದ ರಕ್ತ ಪೂರೈಕೆ ತೋರಿಸುವ ಪರ್ಫ್ಯೂಷನ್ ಎಂಆರ್‌ಐ ಸ್ಕ್ಯಾನಿನಲ್ಲಿ ವೈದ್ಯರು ಹೆಚ್ಚಾಗಿ ನೋಡುವುದು ಅಲ್ಲಿರುವ ರಕ್ತದ ಪ್ರಮಾಣವನ್ನು, ಮಿದುಳಿನ ಎದುರು ಬದಿಯ ಬಿಳಿ ಅಂಗಾಂಶಕ್ಕೆ ಹೋಲಿಸಿ. ನಾಳ ತುಂಬಿದ್ದರೂ ಹರಿವು ಮಂದವಾಗಿರಬಹುದು. ಕೈಯ ನಾಳಕ್ಕೆ ಸೆಕೆಂಡಿಗೆ 4–5 ಮಿ.ಲೀ. ವೇಗದಲ್ಲಿ ಕೊಟ್ಟ ಗ್ಯಾಡೋಲಿನಿಯಂ (ಸ್ಕ್ಯಾನಿನಲ್ಲಿ ರಕ್ತವನ್ನು ಎದ್ದು ಕಾಣಿಸುವ ಮದ್ದು) ಗಡ್ಡೆಯಲ್ಲಿ ನಾಳದಿಂದ ಸೋರಿದರೆ ಪ್ರಮಾಣ ಇರುವುದಕ್ಕಿಂತ ಕಡಿಮೆ ಕಾಣಬಹುದು. ಈ ತಪ್ಪನ್ನು ಕಡಿಮೆ ಮಾಡಲೆಂದೇ ಅಳತೆಗೆ ಮುಂಚೆ ಅದೇ ಮದ್ದನ್ನು ಒಂದಿಷ್ಟು ಕೊಟ್ಟಿರುತ್ತಾರೆ.

ನಾನು ಸಂಪಾದನೆಯ ಕೆಲಸ ಕಲಿಯುವಾಗ ಹಿರಿಯ ಸಂಪಾದಕರು ಪ್ರತಿ ಹೋಲಿಕೆಯ ಪಕ್ಕದಲ್ಲಿ 'ಇದು ಎಲ್ಲಿ ಮುರಿಯುತ್ತದೆ?' ಎಂದು ಬರೆಸುತ್ತಿದ್ದರು.

ಇನ್ನು 'ಒಣಗುತ್ತದೆ'. ನಾಳ ತಡೆದು ಗಡ್ಡೆ ತಡೆಯುವ ವಿಚಾರವನ್ನು ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲಿ ಮಂಡಿಸಿದರು. ವಿಇಜಿಎಫ್ ತಡೆಯುವ ಬೆವಾಸಿಜುಮ್ಯಾಬ್ ಮದ್ದನ್ನು ಹೊಸದಾಗಿ ಪತ್ತೆಯಾದ ಗ್ಲಿಯೋಬ್ಲಾಸ್ಟೋಮಾದವರಿಗೆ ಕೊಟ್ಟ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ 2014ರಲ್ಲಿ ಬಂತು: ಗಡ್ಡೆ ಮತ್ತೆ ಬೆಳೆಯುವುದು ತಡವಾಯಿತು, ಆಯಸ್ಸು ಹೆಚ್ಚಲಿಲ್ಲ. ರಕ್ತ ಪೂರ್ತಿ ನಿಂತ ಕಡೆ ಕೀಮೋ ಮದ್ದು ತಲುಪದು, ಆಮ್ಲಜನಕವಿಲ್ಲದೆ ವಿಕಿರಣದ ಏಟೂ ಕಮ್ಮಿಯಾಗುತ್ತದೆ. ನಿಮ್ಮ ಸಾಲು ಓದಿದ ರೋಗಿಯ ಮನೆಯವರು ಹೊಲ ಮಾರಿ ಆ ಇಂಜೆಕ್ಷನ್ ಕೇಳಿಯಾರು.

ಸುರಂಗ ಬಾವಿಯನ್ನು ಬಿಡಬೇಡಿ. ಮೊದಲ ಪುಟಕ್ಕೆ ತಂದು ಆರೋಗ್ಯವಂತ ಮಿದುಳಿನ ಪಕ್ಕ ಇಡಿ. ಎರಡನೇ ಸಾಲು ಹೊಡೆದುಹಾಕಿ, 2014ರ ಫಲಿತಾಂಶ ಸೇರಿಸಿ ಮತ್ತೆ ಕಳಿಸಿ.