ಶಾಂತಕ್ಕನ ಪಾರ್ಸೆಲ್: ಕತೆ ಕಳಿಸಿದವರಿಗೆ ಒಂದು ಉತ್ತರ

ನಮಸ್ಕಾರ.

ನಿಮ್ಮ ‘ಪಾರ್ಸೆಲ್’ ಕತೆಯನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಅದನ್ನು ನಮ್ಮ ಪತ್ರಿಕೆಯಲ್ಲಿ ಹಾಕುವುದಕ್ಕೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಸಂಪಾದಕರ ಉತ್ತರಕ್ಕೆ ಕಾದು ಕೂತ ದಿನಗಳು ನನಗೂ ನೆನಪಿವೆ. ಆದರೆ ಈ ಕತೆಯನ್ನು ನೀವು ಬಿಡಬಾರದು. ತಿದ್ದಿ ಮತ್ತೆ ಕಳಿಸಬೇಕು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ನಿಮ್ಮ ಹೆಸರು ಹಾಕದೆ ಎಲ್ಲರೂ ಓದುವ ಹಾಗೆ ಉತ್ತರಿಸಬಹುದಾ ಅಂತ ಕೇಳಿದ್ದೆ. ನೀವು ಒಪ್ಪಿದಿರಿ. ಥ್ಯಾಂಕ್ಸ್.

ಓದುವವರಿಗೆ ಕತೆ ಗೊತ್ತಿರಲಿ. ಶಾಂತಕ್ಕನಿಗೆ 62 ವರ್ಷ. ಊರು ವಿಜಯಪುರ ಜಿಲ್ಲೆಯ ಸಿಂದಗಿ. ಗಂಡ ತೀರಿಕೊಂಡಿದ್ದಾರೆ. ಮುಂಬಯಿ ಹತ್ತಿರದ ಡೊಂಬಿವ್ಲಿ ಪೂರ್ವದಲ್ಲಿ ಎರಡನೇ ಮಹಡಿಯ ಫ್ಲ್ಯಾಟಿನಲ್ಲಿ ಒಬ್ಬರೇ ಇರುತ್ತಾರೆ. ಒಂದು ಸೋಮವಾರ ಫೋನಿಗೆ ಮೆಸೇಜ್ ಬರುತ್ತದೆ, ನಿಮಗೆ ಪಾರ್ಸೆಲ್ ಬರುತ್ತಿದೆ ಅಂತ. ಅವರು ಏನೂ ತರಿಸಿಲ್ಲ. ಪುಣೆಯಲ್ಲಿರುವ ಮಗನೂ ತಾನು ಕಳಿಸಿಲ್ಲ ಅನ್ನುತ್ತಾನೆ. ಮೂರು ದಿನ ಕಾಯುತ್ತಾರೆ. ಗುರುವಾರ ಕಾಯಲಾರದೆ ಮುಂಬಯಿಯ ಫೋರ್ಟ್‌ನ ದೊಡ್ಡ ಅಂಚೆ ಕಚೇರಿಗೆ ವಿಚಾರಿಸಲು ಹೋಗುತ್ತಾರೆ. ವಾಪಸ್ ಬಂದರೆ ಪಾರ್ಸೆಲ್ ಬಾಗಿಲಲ್ಲೇ ಇದೆ. ಒಳಗೆ ಒಂದು ಕೌದಿ, ಹಳೆ ಬಟ್ಟೆಯ ತುಂಡು ಜೋಡಿಸಿದ ಹೊದಿಕೆ. ತೀರಿಹೋದ ತಾಯಿಯ ಸೀರೆಗಳಿಂದ ಹೊಲಿದದ್ದು. ಕಳಿಸಿದವಳು ಅಣ್ಣನ ಹೆಂಡತಿ. ಮನೆಯ ಪಾಲಿನ ಜಗಳದಿಂದ ಒಂಬತ್ತು ವರ್ಷ ಇವರಿಬ್ಬರಿಗೂ ಮಾತಿಲ್ಲ.

ಎಂಥ ಒಳ್ಳೆಯ ಕತೆ ಇದು! ಆದರೆ ಆ ಕೌದಿ ಹತ್ತಿರ ಬರಲು ನಾನು ಐದು ಪುಟ ದಾಟಬೇಕಾಯಿತು.

ಮೊದಲ ಪುಟದ ಮಳೆಯನ್ನು ತೆಗೆದುಬಿಡಿ. ಮುಂಬಯಿ ಕತೆ ಅಂದರೆ ಮಳೆ ಇರಲೇಬೇಕು ಅಂತ ಯಾರೋ ನಮಗೆಲ್ಲ ಕಲಿಸಿಬಿಟ್ಟಿದ್ದಾರೆ. ಕತೆಗೆ ಮಳೆ ಬೇಕಿರುವುದು ಒಂದೇ ಕಡೆ, ಬಾಗಿಲಲ್ಲಿ ಇಟ್ಟ ಪಾರ್ಸೆಲ್‌ನ ಮೂಲೆ ನೆನೆದಿರುವಾಗ. ಅಲ್ಲಿ ಸಾಕು.

ಈಗ ಕಾಯುವ ಮೂರು ದಿನ. ನನ್ನ ದೊಡ್ಡ ತಕರಾರು ಇಲ್ಲೇ ಇರುವುದು. ಡಬ್ಬಿಯಲ್ಲಿ ಏನಿರಬಹುದು ಅಂತ ಶಾಂತಕ್ಕ ಊಹಿಸುತ್ತಾ ಹೋಗುತ್ತಾರೆ. ಎಣಿಸಿದೆ, ಹನ್ನೊಂದು ಊಹೆ. ರೇಷ್ಮೆ ಸೀರೆ, ಮಿಕ್ಸರ್, ದೇವರ ಫೋಟೋ, ಲಾಟರಿ ಬಹುಮಾನ, ಹೀಗೆ. ಇವುಗಳಲ್ಲಿ ಹತ್ತನ್ನು ಯಾರು ಬೇಕಾದರೂ ಊಹಿಸಬಹುದು. ನಿಮ್ಮ ಪಕ್ಕದ ಮನೆಯವರೂ ಊಹಿಸಬಹುದು, ನಾನೂ ಊಹಿಸಬಹುದು. ಶಾಂತಕ್ಕ ಮಾತ್ರ ಊಹಿಸಬಹುದಾದದ್ದು ಒಂದೇ ಇದೆ, ಅವ್ವನ ತಾಮ್ರದ ಹಂಡೆ. ಪಾಲಿನ ದಿನ ಅದು ನನಗೆ ಬೇಕು ಅಂತ ಬಾಯಿಬಿಟ್ಟು ಕೇಳಿದ್ದರು. ವೈನಿ, ಅಂದರೆ ಆ ಅಣ್ಣನ ಹೆಂಡತಿ, ಕೊಡಲಿಲ್ಲ. ಹಂಡೆಯ ವಿಷಯ ಒಂದೇ ಸಾಲಲ್ಲಿ ಬಂದು ಹೋಗುತ್ತದೆ. ಮುಂದಿನ ಸಾಲಲ್ಲಿ ಮಿಕ್ಸರ್! ನನಗೆ ನಿಜವಾಗಲೂ ಬೇಜಾರಾಯಿತು. ಹಂಡೆ ಸಿಕ್ಕಿದ ಮೇಲೆ ಮಿಕ್ಸರ್ ಯಾಕೆ ಬೇಕು?

ಪಾರ್ಸೆಲ್‌ಗೆ ಕಾಯುವವರು ಸಾಮಾನಿನ ಬಗ್ಗೆ ಅಷ್ಟಾಗಿ ಯೋಚಿಸುವುದಿಲ್ಲ. ‘ಯಾರಿಗೆ ನನ್ನ ನೆನಪಾಯಿತು?’ ಅಂತ ಯೋಚಿಸುತ್ತಾರೆ. ಅದರ ಹಿಂದೆಯೇ ‘ಈಗ ಯಾಕೆ?’ ಅನ್ನುವುದು ಬರುತ್ತದೆ. ಶಾಂತಕ್ಕನ ಊಹೆಗಳು ವಸ್ತುವಿನಿಂದ ಮನುಷ್ಯರ ಕಡೆ ತಿರುಗಬೇಕು. ಯಾರಿಗೆ ಇವರು ಉಪಕಾರ ಮಾಡಿದ್ದಾರೆ, ಯಾರಿಗೆ ಬಾಕಿ ಉಳಿಸಿಕೊಂಡಿದ್ದಾರೆ, ಯಾರ ಮದುವೆಗೆ ಹೋಗಲಿಲ್ಲ. ಆಗ ಮೂರು ದಿನದಲ್ಲಿ ಒಂದು ಇಡೀ ಬದುಕು ಬಂದು ಹೋಗುತ್ತದೆ. ಬದುಕು ಅನ್ನುವ ಪದವನ್ನು ನೀವು ಒಂದು ಸಲವೂ ಬರೆಯಬೇಕಾಗುವುದಿಲ್ಲ.

ಇದಕ್ಕೆ ಅಂಚೆಯ ವ್ಯವಸ್ಥೆಯೇ ನಿಮಗೆ ಸಹಾಯ ಮಾಡುತ್ತದೆ. ನೀವು ಅದನ್ನು ಬಳಸಿಕೊಂಡಿಲ್ಲ. ಕತೆ ಈ ವರ್ಷದ ಮಳೆಗಾಲದ್ದು ಅಂದಿದ್ದೀರಿ, ಆದರೆ ‘ರಿಜಿಸ್ಟರ್ಡ್ ಪೋಸ್ಟ್’ ಅಂತ ಬರೆದಿದ್ದೀರಿ. ಅದು 2025ರಲ್ಲೇ ಸ್ಪೀಡ್ ಪೋಸ್ಟ್‌ನಲ್ಲಿ ಸೇರಿಹೋಗಿದೆ. ಸ್ಪೀಡ್ ಪೋಸ್ಟ್ ನಂಬರಿನಲ್ಲಿ ಮೊದಲು ಎರಡು ಇಂಗ್ಲಿಷ್ ಅಕ್ಷರ, ಆಮೇಲೆ ಒಂಬತ್ತು ಅಂಕಿ, ಕೊನೆಗೆ ಐಎನ್, ಒಟ್ಟು 13 ಇರುತ್ತವೆ. ಅದನ್ನು ಅಂಚೆ ಇಲಾಖೆಯ ವೆಬ್‌ಸೈಟಿನಲ್ಲಿ ಹಾಕಿದರೆ ಎಲ್ಲಿ ಬುಕ್ ಆಯಿತು, ಎಲ್ಲೆಲ್ಲಿ ದಾಟಿ ಬಂತು ಅಂತ ಕಾಣುತ್ತದೆ. ಅಂದರೆ ಮಗ ಪುಣೆಯಲ್ಲಿ ಕೂತು ಎರಡು ನಿಮಿಷದಲ್ಲಿ ಹೇಳಬಲ್ಲ: ‘ಅವ್ವಾ, ಸಿಂದಗಿಯಿಂದ ಬಂದದ.’

ಇದು ಗೊತ್ತಾದರೆ ಗುಟ್ಟು ಒಡೆದುಹೋಗುತ್ತದೆ ಅಂತ ನೀವು ಹೆದರಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಎಲ್ಲಿಂದ ಬಂತೋ ಗೊತ್ತಿಲ್ಲದ ಪಾರ್ಸೆಲ್ ಬಗ್ಗೆ ಒಂದು ಗಂಟೆ ಕುತೂಹಲ ಇರುತ್ತದೆ, ಅಷ್ಟೇ. ಒಂಬತ್ತು ವರ್ಷ ಕಾಲಿಡದ ಊರಿಂದ ಬಂದ ಪಾರ್ಸೆಲ್ ರಾತ್ರಿ ನಿದ್ದೆ ಕೆಡಿಸುತ್ತದೆ. ಸಿಂದಗಿ ಅನ್ನುವ ಒಂದು ಹೆಸರು ಸಾಕು, ಮಿಕ್ಸರ್ ಲಾಟರಿ ಎಲ್ಲ ಹಾರಿಹೋಗುತ್ತವೆ. ಉಳಿಯುವುದು ಅಣ್ಣ, ವೈನಿ, ಮುಚ್ಚಿದ ಬಾಗಿಲು. ಅಣ್ಣನಿಗೆ ಏನಾದರೂ ಆಯಿತಾ? ಪಾಲಿನ ಕಾಗದಕ್ಕೆ ಸಹಿ ಬೇಕಾಗಿದೆಯಾ? ಅಥವಾ, ಅಥವಾ ಹಂಡೆ?

ಇನ್ನೊಂದು ವಿಷಯವನ್ನು ನೀವು ಪೂರ್ತಿ ಬಿಟ್ಟಿದ್ದೀರಿ. ಭಯ. ಇವತ್ತು ಒಂಟಿ ಹೆಂಗಸಿಗೆ ‘ನಿಮ್ಮ ಪಾರ್ಸೆಲ್’ ಅಂತ ಮೆಸೇಜ್ ಬಂದರೆ ಮೊದಲು ಹುಟ್ಟುವುದು ಖುಷಿ ಅಲ್ಲ. ವಿಳಾಸ ಸರಿಯಿಲ್ಲ, ಈ ಲಿಂಕ್ ಒತ್ತಿ ಸರಿಪಡಿಸಿ ಅಂತ ಅಂಚೆ ಇಲಾಖೆಯ ಹೆಸರಿನಲ್ಲಿ ಸುಳ್ಳು ಮೆಸೇಜ್‌ಗಳು ಎಷ್ಟು ಓಡಾಡಿವೆ! ಇಲಾಖೆ ಅಂಥ ಲಿಂಕ್ ಕಳಿಸುವುದಿಲ್ಲ ಅಂತ ಸರ್ಕಾರವೇ ಎಚ್ಚರಿಕೆ ಕೊಟ್ಟಿದೆ. ನಿಮ್ಮ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ನಾವು ಪೊಲೀಸರು ಅಂತ ಹೆದರಿಸಿ ದುಡ್ಡು ಕಿತ್ತುಕೊಂಡ ಸುದ್ದಿಗಳನ್ನೂ ನಾವೆಲ್ಲ ಓದಿದ್ದೇವೆ. ಮೋಸ ಆದರೆ 1930ಕ್ಕೆ ಫೋನ್ ಮಾಡಿ ಅಂತ ಹೇಳುತ್ತಲೇ ಇರುತ್ತಾರೆ. ಶಾಂತಕ್ಕನ ಮಗ ಮೊದಲು ಬೈಯಬೇಕು: ಯಾವ ಲಿಂಕೂ ಒತ್ತಬೇಡ, ಯಾರಿಗೂ ನಂಬರ್ ಹೇಳಬೇಡ. ಅವರು ಒಂದು ರಾತ್ರಿ ಹೆದರಿ ಕೂರಲಿ. ಮಾರನೇ ದಿನ ಸಿಂದಗಿಯ ಹೆಸರು ಬರಲಿ. ಒಂದು ಭಯ ಹೋಗಿ ಅದರ ಜಾಗಕ್ಕೆ ಇನ್ನೊಂದು ಬಂದು ಕೂರುತ್ತದೆ. ಎರಡನೆಯದು ಜಾಸ್ತಿ ಆಳದ್ದು.

ಇಲ್ಲಿ ನನ್ನದೊಂದು ಮಾತು. ಮುಂಬಯಿಗೆ ಬಂದ ಹೊಸದರಲ್ಲಿ ನಾನು ಮಾಟುಂಗಾದಲ್ಲಿ ನಾಲ್ಕು ಜನರ ಜೊತೆ ಒಂದು ಖೋಲಿಯಲ್ಲಿದ್ದೆ. ಒಂದು ಶನಿವಾರ ಪೋಸ್ಟ್‌ಮ್ಯಾನ್ ಚೀಟಿ ಬಿಟ್ಟು ಹೋಗಿದ್ದರು. ಪಾರ್ಸೆಲ್ ಬಂದಿದೆ, ಕಚೇರಿಗೆ ಬಂದು ತೆಗೆದುಕೊಳ್ಳಿ ಅಂತ. ಭಾನುವಾರ ರಜೆ. ಒಂದೂವರೆ ದಿನ ನನ್ನ ತಲೆಯಲ್ಲಿ ಏನೇನು ಓಡಿತು! ಅಪ್ಪ ನನ್ನ ಮೇಲೆ ಸಿಟ್ಟಾಗಿದ್ದ ಕಾಲ ಅದು. ನನ್ನ ಪುಸ್ತಕ, ಬಟ್ಟೆ ಎಲ್ಲ ಕಟ್ಟಿ ಕಳಿಸಿಬಿಟ್ಟರಾ ಅಂದುಕೊಂಡೆ. ಸೋಮವಾರ ಹೋದೆ. ಬಿಳಿ ಬಟ್ಟೆಯಲ್ಲಿ ಸುತ್ತಿ, ದಬ್ಬಣದಲ್ಲಿ ಹೊಲಿದು, ಅರಗು ಹಚ್ಚಿದ ಗಂಟು. ಒಳಗಿದ್ದದ್ದು ಶೇಂಗಾ. ಹೊಲದ ಶೇಂಗಾ, ಎರಡು ಕಿಲೋ ಇರಬಹುದು. ಕಾಗದ ಇರಲಿಲ್ಲ. ಆದರೆ ಬಟ್ಟೆಯ ಮೇಲೆ ಅಪ್ಪನ ಅಕ್ಷರದಲ್ಲಿ ನನ್ನ ಹೆಸರು. ಅವರು ಬರೆಯುವ ಎಲ್ಲ ಕಾಗದಗಳಲ್ಲೂ ನನ್ನ ಹೆಸರಿನ ಹಿಂದೆ ‘ಚಿ.’ ಇರುತ್ತಿತ್ತು. ಅವತ್ತು ‘ಶ್ರೀ’ ಅಂತ ಬರೆದಿದ್ದರು. ಶೇಂಗಾ ಒಂದು ವಾರಕ್ಕೆ ಖರ್ಚಾಯಿತು. ಆ ಬಟ್ಟೆ ಈಗಲೂ ನನ್ನ ಬೀರುವಿನಲ್ಲಿದೆ.

ಪಾರ್ಸೆಲ್ ಬಿಚ್ಚುವ ಮೊದಲು ಅದರ ಮೈಮೇಲೆ ಓದುವುದಕ್ಕೆ ಎಷ್ಟೊಂದು ಇರುತ್ತದೆ. ನೀವು ಶಾಂತಕ್ಕನಿಗೆ ಓದಲು ಬಿಡಲೇ ಇಲ್ಲ. ‘ಆತುರದಿಂದ ಹರಿದರು’ ಅಂತ ಒಂದೇ ಸಾಲಲ್ಲಿ ಮುಗಿಸಿದ್ದೀರಿ. ವಿಳಾಸ ಯಾರ ಅಕ್ಷರ? ವೈನಿಯದಾ, ಅಥವಾ ಶಾಲೆಗೆ ಹೋಗುವ ಮೊಮ್ಮಗನದಾ? ಕಳಿಸಿದವರ ಜಾಗದಲ್ಲಿ ಯಾರ ಹೆಸರು? ಶಾಂತಕ್ಕನ ಹೆಸರಿಗೆ ತವರಿನ ಅಡ್ಡಹೆಸರು ಹಚ್ಚಿದ್ದಾರಾ, ಗಂಡನ ಮನೆಯದಾ? ಪಿನ್ ಕೋಡ್ ಕೂಡ ಸುಮ್ನೆ ಅಲ್ಲ. ನೀವು ಡೊಂಬಿವ್ಲಿಗೆ 400 ಅಂತ ಶುರುವಾಗುವ ನಂಬರ್ ಕೊಟ್ಟಿದ್ದೀರಿ. ಅದು ಮುಂಬಯಿಯದ್ದು. ಡೊಂಬಿವ್ಲಿ ಪೂರ್ವದ್ದು 421201. ವಿಜಯಪುರ ಜಿಲ್ಲೆಯ ಪಿನ್ 586ರಿಂದ ಶುರುವಾಗುತ್ತದೆ. ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಆಗ ಶಾಂತಕ್ಕ ಇನ್ನೂ ಸಣ್ಣ ಹುಡುಗಿ. ಮದುವೆಯಾಗಿ ಬಂದ ಮೇಲೆ ಅವ್ವನಿಗೆ ಬರೆದ ಒಂದೊಂದು ಕಾರ್ಡಿನ ಮೇಲೂ ಐದು, ಎಂಟು, ಆರು ಅಂತ ಅವರ ಕೈ ಬರೆದಿದೆ. ಈಗ ಅದೇ ಅಂಕಿ ಕಳಿಸಿದವರ ವಿಳಾಸದಲ್ಲಿ ಬಂದು ಕೂತಿದೆ.

ಫೋರ್ಟ್‌ಗೆ ಹೋಗುವ ಪುಟದ ಬಗ್ಗೆ ನನಗೆ ಎರಡು ಮನಸ್ಸು. ಡೊಂಬಿವ್ಲಿಯ ಪಾರ್ಸೆಲ್‌ಗೆ ಫೋರ್ಟ್‌ನಲ್ಲಿ ವಿಚಾರಿಸಿ ಉಪಯೋಗವಿಲ್ಲ. ಅವರ ಬೀಟಿನ ಪೋಸ್ಟ್‌ಮ್ಯಾನ್ ಇರುವುದು ಡೊಂಬಿವ್ಲಿಯ ಕಚೇರಿಯಲ್ಲೇ. ಇನ್ನು ಬೆಳಿಗ್ಗೆ 8.40ರ ಫಾಸ್ಟ್ ಲೋಕಲ್‌ನಲ್ಲಿ ಅವರಿಗೆ ಕಿಟಕಿ ಪಕ್ಕ ಸೀಟು ಸಿಗುತ್ತದೆ ಅಂದಿದ್ದೀರಿ. ಆ ಹೊತ್ತಿಗೆ ಡೊಂಬಿವ್ಲಿಯಲ್ಲಿ ಕಾಲಿಡಲು ಜಾಗ ಸಿಕ್ಕರೆ ಪುಣ್ಯ. ಸೀಟಿಗಾಗಿ ಜನ ಉಲ್ಟಾ ಕಲ್ಯಾಣಕ್ಕೆ ಹೋಗಿ ಕೂತು ಬರುತ್ತಾರೆ. ಇದನ್ನು ಓದಿದ ನಮ್ಮ ಮುಂಬಯಿ ಓದುಗರು ಅಲ್ಲೇ ಕತೆ ಮಡಚಿ ಇಡುತ್ತಾರೆ.

ಆದರೂ ಆ ಪುಟ ಪೂರ್ತಿ ತೆಗೆಯಲು ಮನಸ್ಸು ಬರುವುದಿಲ್ಲ. ಕಾರಣ ನಿಮಗೆ ಗೊತ್ತಿತ್ತೋ ಇಲ್ಲವೋ, ಆ ಕಟ್ಟಡ. ನೀವು ‘ಭವ್ಯವಾದ ಬ್ರಿಟಿಷ್ ಕಟ್ಟಡ’ ಅಂತ ಬರೆದು ಮುಂದೆ ಹೋಗಿದ್ದೀರಿ. 1913ರಲ್ಲಿ ಕಟ್ಟಿ ಮುಗಿಸಿದ ಆ ಮುಂಬಯಿ ಜಿಪಿಒ, ಅಂದರೆ ಪ್ರಧಾನ ಅಂಚೆ ಕಚೇರಿಯ ಗುಮ್ಮಟಕ್ಕೆ ಮಾದರಿ ನಮ್ಮ ಗೋಲಗುಮ್ಮಟ! ವಿಜಯಪುರ ಜಿಲ್ಲೆಯ ಹೆಣ್ಣುಮಗಳನ್ನು ಅದರ ಕೆಳಗೆ ನಿಲ್ಲಿಸಿ ನೀವು ಆಕೆಯ ತಲೆ ಮೇಲೆತ್ತಿಸಲಿಲ್ಲ. ಗೋಲಗುಮ್ಮಟದ ಮೇಲಿನ ಸುತ್ತಿನಲ್ಲಿ ನಿಂತು ಕೂಗಿದರೆ ಹೆಸರು ಏಳು ಸಲ ವಾಪಸ್ ಬರುತ್ತದೆ ಅಂತ ಆ ಕಡೆಯ ಎಲ್ಲ ಮಕ್ಕಳಿಗೂ ಗೊತ್ತು. ಶಾಂತಕ್ಕ ಶಾಲೆಯ ಪ್ರವಾಸದಲ್ಲಿ ಅಲ್ಲಿ ಕೂಗಿರಬಹುದು. ಇಲ್ಲಿ ಅಂಥದ್ದೇ ಗುಮ್ಮಟದ ನೆರಳಿನಲ್ಲಿ ಯಾರ ಹೆಸರೂ ಬಾಯಿಗೆ ಬರದೆ ನಿಂತಿದ್ದಾರೆ. ಗಂಡ ಫೋರ್ಟ್‌ನಲ್ಲಿ ಕೆಲಸಕ್ಕಿದ್ದರು ಅಂತ ನೀವೇ ಹೇಳಿದ್ದೀರಿ. ಪಿಂಚಣಿಯ ಯಾವುದೋ ಕಾಗದಕ್ಕೆ ಅವರು ಆ ಕಡೆ ಹೋಗಲಿ. ಮಧ್ಯಾಹ್ನದ ಖಾಲಿ ಗಾಡಿಯಲ್ಲಿ ಹೋಗಲಿ. ವಿಚಾರಿಸುವುದು ಬೇಡ. ಸುಮ್ನೆ ಒಂದು ಗಳಿಗೆ ನಿಂತು ಬರಲಿ.

ಮಾತಿನ ಬಗ್ಗೆ ಸ್ವಲ್ಪ. ಶಾಂತಕ್ಕ ಮಗನಿಗೆ ‘ನಾನು ಏನನ್ನೂ ಆರ್ಡರ್ ಮಾಡಿಲ್ಲ ಕಣೋ’ ಅನ್ನುತ್ತಾರೆ. ಸಿಂದಗಿಯ ತಾಯಿ ‘ಕಣೋ’ ಅನ್ನುವುದಿಲ್ಲ. ‘ನಾ ಏನೂ ತರಿಸಿಲ್ಲಪಾ, ಯಾರ್ ಕಳಿಸ್ಯಾರೋ ಏನೋ’ ಅಂದಾರು. ಅತ್ತಿಗೆ ಅಂತ ಬರೆದ ಕಡೆಯೆಲ್ಲ ವೈನಿ ಅನ್ನಿ. ಕೆಳಗಿನಿಂದ ವಾಚ್‌ಮನ್ ಕನ್ನಡದಲ್ಲಿ ಕೂಗುವುದು ಹೇಗೆ? ‘ಕಾಕೂ, ಪಾರ್ಸೆಲ್ ಆಲಂಯ್’ ಅಂತ ಮರಾಠಿಯಲ್ಲೇ ಕೂಗಲಿ. ನಮ್ಮವರಿಗೆ ಅರ್ಥವಾಗುತ್ತದೆ.

ಈಗ ಕೌದಿ. ಮೂರನೇ ಪುಟದಲ್ಲಿ ಪಾರ್ಸೆಲ್ ‘ಚಪ್ಪಲಿ ಡಬ್ಬಿಯಷ್ಟು’ ಅಂದಿದ್ದೀರಿ. ಅದರಲ್ಲಿ ಕೌದಿ ಹಿಡಿಸುವುದಿಲ್ಲ. ನಿಮ್ಮ ಕತೆ ಓದಿದ ಮೇಲೆ ನಮ್ಮ ಮನೆಯದನ್ನು ತೂಗಿ ನೋಡಿದೆ, ಹತ್ತಿರ ಹತ್ತಿರ ಮೂರು ಕಿಲೋ. ಮಡಚಿದರೆ ಒಂದು ದೊಡ್ಡ ದಿಂಬಿನಷ್ಟಾಗುತ್ತದೆ. ಪಾರ್ಸೆಲ್ ದೊಡ್ಡದಿರಲಿ, ಮೆತ್ತಗಿರಲಿ. ಮುಟ್ಟಿದ ಕೂಡಲೇ ಇದು ಹಂಡೆ ಅಲ್ಲ ಅಂತ ಶಾಂತಕ್ಕನಿಗೆ ತಿಳಿಯಲಿ. ಆ ಒಂದು ಕ್ಷಣದ ನಿರಾಸೆಯನ್ನು ದಯವಿಟ್ಟು ಬರೆಯಿರಿ.

ಕೌದಿಯನ್ನು ಎರಡು ಸಾಲಲ್ಲಿ ಹೇಳಿ ಕಣ್ಣೀರಿಗೆ ಮೂರು ಪ್ಯಾರಾ ಕೊಟ್ಟಿದ್ದೀರಿ. ಉಲ್ಟಾ ಮಾಡಿ. ಒಂದೊಂದು ತುಂಡನ್ನೂ ಶಾಂತಕ್ಕ ಬೆರಳಿಟ್ಟು ಗುರುತು ಹಿಡಿಯಲಿ. ಇಳಕಲ್ ಸೀರೆಯಲ್ಲಿ ಮೈಯ ಉದ್ದದ ಎಳೆಗಳನ್ನು ಸೆರಗಿನ ಉದ್ದದ ಎಳೆಗಳಿಗೆ ಕೊಂಡಿ ಹಾಕಿ ಜೋಡಿಸುತ್ತಾರೆ. ಹತ್ತಿ ಮುಗಿದು ಕೆಂಪು ಸೆರಗು ಶುರುವಾಗುವ ಆ ಗಡಿ ಒಂದು ತುಂಡಿನಲ್ಲಿ ಉಳಿದಿರಲಿ. ಗುಳೇದಗುಡ್ಡದ ಖಣದ (ರವಿಕೆ ಬಟ್ಟೆಯ) ಮುಕ್ಕಾಲು ಪಾಲು ಹರಿದ ಒಂದು ತುಂಡು, ಅವ್ವ ಹೊಲಕ್ಕೆ ಉಡುತ್ತಿದ್ದ ಬಣ್ಣ ಹೋದ ಸೀರೆ, ಅದರಲ್ಲಿ ಹೋಗದ ಒಂದು ಕಲೆ. ಹುಳ ಹಿಡಿಯದಿರಲಿ ಅಂತ ಇಟ್ಟ ಬೇವಿನ ಎಲೆ ಒಣಗಿ ಉದುರಲಿ.

ಆಮೇಲೆ ಹೊಲಿಗೆ ನೋಡಲಿ. ಕೈಯಲ್ಲಿ ಕೌದಿ ಹೊಲಿಯುವುದು ಒಂದೆರಡು ದಿನದ ಕೆಲಸ ಅಲ್ಲ. ವಾರಗಟ್ಟಲೆ ಬೇಕು. ಶಾಂತಕ್ಕ ಮೂರು ದಿನ ಕಾದರು ಅಂತ ನೀವು ಇಡೀ ಕತೆ ಬರೆದಿದ್ದೀರಿ. ವೈನಿ ಅಲ್ಲಿ ಎಷ್ಟು ಮಧ್ಯಾಹ್ನ ಕೂತು ಹೊಲಿದಳು? ಹೊಲಿಯುವಾಗ ಅರ್ಧಕ್ಕೆ ಬಿಟ್ಟು ಎದ್ದು ಹೋದದ್ದುಂಟಾ? ಒಂದು ಕಡೆ ಹೊಲಿಗೆ ಬಿಗಿ, ಒಂದು ಕಡೆ ಸಡಿಲ, ಎರಡು ಬಣ್ಣದ ದಾರ. ಶಾಂತಕ್ಕನೂ ಹೊಲಿದವರು. ಕೈ ಆಡಿಸಿದರೆ ಅವರಿಗೆ ಎಲ್ಲ ತಿಳಿಯುತ್ತದೆ. ಅಳಬೇಕಾಗಿಲ್ಲ. ಫೋನ್ ಮಾಡಬೇಕಾಗಿಲ್ಲ. ಆ ರಾತ್ರಿ ಹೊದ್ದುಕೊಂಡರೋ, ಮಡಚಿ ಕುರ್ಚಿಯ ಮೇಲೆ ಇಟ್ಟರೋ, ಅಷ್ಟು ಹೇಳಿ ಸಾಕು.

ಕೊನೆಯ ಪ್ಯಾರಾ, ‘ಬದುಕೇ ಒಂದು ಪಾರ್ಸೆಲ್’ ಅಂತ ಶುರುವಾಗುವುದು, ಪೂರ್ತಿ ತೆಗೆಯಿರಿ.

ಅವಸರ ಮಾಡಬೇಡಿ. ದೀಪಾವಳಿಯ ನಂತರ ಕಳಿಸಿದರೂ ನಾನು ಓದುತ್ತೇನೆ. ಒಂದು ಪ್ರಶ್ನೆ ಮಾತ್ರ ಉಳಿದಿದೆ, ಎರಡು ದಿನದಿಂದ ತಲೆಯಲ್ಲಿ ಸುತ್ತುತ್ತಿದೆ. ಕೌದಿಯಲ್ಲಿ ಅವ್ವನ ಸೀರೆಗಳ ನಡುವೆ ವೈನಿ ತನ್ನದೂ ಒಂದು ತುಂಡು ಹಾಕಿದ್ದಾಳಾ? ಕತೆಯಲ್ಲಿ ಬರೆಯದಿದ್ದರೂ ಪರವಾಗಿಲ್ಲ, ನಿಮಗೆ ಗೊತ್ತಿರಬೇಕು. ಗೊತ್ತಾದಾಗ ನನಗೂ ಒಂದು ಸಾಲು ಬರೆಯಿರಿ.